ಕೆಳಗಿದ್ದವನು

ಪುಟ ನೂರಾ ಇಪ್ಪತ್ತೊಂದರಲ್ಲಿ ಎರಡು ಸಾಲು ಇಲ್ಲ ಎಂಬುದು ಲೋಕದಲ್ಲಿ ತನ್ನೊಬ್ಬಳಿಗೇ ಗೊತ್ತು ಎಂದು ಅವಳಿಗೆ ಮತ್ತೆ ನೆನಪಾದದ್ದು ಕಚೇರಿಯ ಮೆಟ್ಟಿಲು ಹತ್ತುವಾಗ. ಇದ್ದದ್ದರಲ್ಲಿ ತಪ್ಪಿದ್ದರೆ ಯಾರಾದರೂ ಹಿಡಿದಾರು. ಇಲ್ಲದ್ದನ್ನು ಹಿಡಿಯುವವರು ಯಾರು? ಈ ಮಾತನ್ನು ಅವಳು ಮೂರು ವಾರದಿಂದ ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಚಪ್ಪಲಿ ಬಿಡುವಾಗ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಪ್ರತಿ ಸಲವೂ ಅದು ಹಿಂದಿನ ಸಲಕ್ಕಿಂತ ಕಡಿಮೆ ನಂಬಿಕೆ ಹುಟ್ಟಿಸುತ್ತಿತ್ತು. ಡೈರಿಯಲ್ಲಿ ಮಾತ್ರ ಬರೆದಿರಲಿಲ್ಲ. ಹದಿಮೂರನೆಯ ವಯಸ್ಸಿನಿಂದ ಒಂದು ದಿನವೂ ತಪ್ಪದೆ ಬರೆದ ಡೈರಿಯಲ್ಲಿ ಕಳೆದ ಇಪ್ಪತ್ತೊಂದು ದಿನ ‘ವಿಶೇಷವೇನಿಲ್ಲ’ ಎಂದಷ್ಟೇ ಇತ್ತು. ಡೈರಿಗೂ ಸುಳ್ಳು ಹೇಳುವ ಮಟ್ಟಕ್ಕೆ ಬಂದೆನಲ್ಲ ಎಂದು ನಾಚಿಕೆಯಾಗುತ್ತಿತ್ತು, ಮರುದಿನ ಮತ್ತೆ ಅದನ್ನೇ ಬರೆಯುತ್ತಿದ್ದಳು. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಎಂಟನೆಯ ಫಾರ್ಮ್ ಯಂತ್ರಕ್ಕೆ ಹೋಗುತ್ತದೆ ಎಂದು ಮುದ್ರಣಾಲಯದಿಂದ ಫೋನ್ ಬಂದಿತ್ತು. ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟ, ನೂರಾ ಹದಿಮೂರರಿಂದ ನೂರಾ ಇಪ್ಪತ್ತೆಂಟರವರೆಗೆ. ಎರಡು ಗಂಟೆಯ ನಂತರ ಆ ಎರಡು ಸಾಲು ಇಲ್ಲದಿರುವುದು ಸಾವಿರ ಪ್ರತಿಗಳಲ್ಲಿ ಖಾಯಂ ಆಗಿ ಇಲ್ಲವಾಗುತ್ತದೆ. ಆಮೇಲೆ ನೆಮ್ಮದಿ ಎಂದುಕೊಂಡಿದ್ದಳು. ಎರಡು ಗಂಟೆ ಹತ್ತಿರವಾದಂತೆ ಬರುತ್ತಿದ್ದುದು ನೆಮ್ಮದಿಯಂತಿರಲಿಲ್ಲ.

ಸಾಗಣೆ ವಿಮಾನ ದಳದ ನಿವೃತ್ತರ ಸಂಘ ಎಂಬ ಬೋರ್ಡಿನ ಕೆಳಗೆ ಬಾಗಿಲು, ಬಾಗಿಲೊಳಗೆ ಎರಡು ಕೋಣೆ, ಕೋಣೆಯ ಕೆಳಗೆ ಟೈರು ಅಂಗಡಿ. ದಳದ ಇತಿಹಾಸವನ್ನೆಲ್ಲ ಅವಳು ರಬ್ಬರಿನ ವಾಸನೆಯಲ್ಲೇ ಬರೆದಿದ್ದಳು. ಒಳಗೆ ಕಾರ್ಯದರ್ಶಿಗಳ ಎದುರು ಹಳೆಯ ಪೈಲಟ್ ಒಬ್ಬರು ಕೂತು ಚಹಾ ಕುಡಿಯುತ್ತಿದ್ದರು. ಕಾರ್ಯದರ್ಶಿಗಳು ಯುದ್ಧಕಾಲದಲ್ಲಿ ಉಗ್ರಾಣದಲ್ಲಿದ್ದವರು, ವಿಮಾನದಲ್ಲಿ ಕೂತದ್ದು ನಾಲ್ಕೇ ಸಲ, ಅದೂ ಮೂಟೆಗಳ ಮಧ್ಯೆ. ಆದರೂ ‘ನಾವು ಹಾರುವಾಗ’ ಎಂದೇ ಮಾತು ಶುರು ಮಾಡುವವರು. “ಬಾಮ್ಮಾ ಬಾ,” ಎಂದರು. “ನೋಡಿ ಸಾರ್, ಇವಳೇ ನಮ್ಮ ಟೈಪಿಂಗ್ ಹುಡುಗಿ.” ಪೈಲಟ್ ಕಿವಿಯ ಹಿಂದೆ ಕೈ ಇಟ್ಟುಕೊಂಡು, “ಮತ್ತೆ ಬರೆದೋರು ಯಾರು?” ಎಂದರು. “ಬರೆದದ್ದು ನಾನೇ ಅನ್ನಿ. ವಿಷಯ ನಂದು, ಅಕ್ಷರ ಅವಳದು.” “ಹಂಗಾದ್ರೆ ತಪ್ಪಿದ್ರೆ ನಿಂದು, ಸರಿ ಇದ್ರೆ ಅವಳದು,” ಎಂದು ಪೈಲಟ್ ನಕ್ಕರು. ಅವಳೂ ನಗಬೇಕಿತ್ತು. ನಗು ಯಾವಾಗಲೂ ಅವಳಿಗೆ ಒಂದು ಕ್ಷಣ ತಡವಾಗಿ ಬರುತ್ತಿತ್ತು, ಆಗ ಬೇರೆಯವರ ನಗು ಮುಗಿದಿರುತ್ತಿತ್ತು. ಎಂ.ಎ. ಪದವಿ, ಹನ್ನೊಂದು ತಿಂಗಳು, ನಲವತ್ತು ಪೆಟ್ಟಿಗೆ ಕಾಗದ, ಇನ್ನೂರೈದು ಪುಟ. ಎಲ್ಲ ಸೇರಿ ಟೈಪಿಂಗ್ ಹುಡುಗಿ. ಆದರೆ ಇವತ್ತು ಆ ಅವಮಾನದಲ್ಲಿ ಒಂದು ಬಗೆಯ ಆಶ್ರಯವಿತ್ತು. ಬರೆದವಳೇ ಅಲ್ಲ ಅಂದಮೇಲೆ ಬರೆಯದೆ ಬಿಟ್ಟವಳು ಹೇಗಾದೇನು? ಹೀಗೆ ಯೋಚಿಸಿದ್ದಕ್ಕೇ ಕಿವಿ ಬಿಸಿಯಾಯಿತು. ಪೈಲಟ್ ಈಗ ಮುತ್ತಿಗೆಯ ಮಾತು ತೆಗೆದಿದ್ದರು: ಕಣಿವೆಯಲ್ಲಿ ಸಿಕ್ಕಿಬಿದ್ದ ಎರಡು ಸಾವಿರ ಜನ, ಎಪ್ಪತ್ತೊಂದು ದಿನ, ರಸ್ತೆ ಇಲ್ಲ, ಇಳಿಯಲು ಜಾಗವಿಲ್ಲ, ಉಪ್ಪಿನಿಂದ ಹಿಡಿದು ಗುಂಡಿನವರೆಗೆ ಎಲ್ಲವೂ ಆಕಾಶದಿಂದ. “ಬಾಗಿಲೇ ಕಿತ್ತು ಹಾಕಿದ್ವಿ ವಿಮಾನದ್ದು. ಗಂಟೆ ಹೊಡೀತಿದ್ದ ಹಾಗೆ ಹುಡುಗ್ರು ತಳ್ಳೋರು. ಬಿಳೀ ಪ್ಯಾರಾಚೂಟು ಊಟ, ನೀಲೀದು ಔಷಧಿ, ಕೆಂಪು ಮದ್ದುಗುಂಡು. ತಳ್ಳಿದ್ವಾ, ತಿರುಗಿದ್ವಾ, ಬಂದ್ವಾ. ಬಿಚ್ಕೊಳ್ತೋ ಇಲ್ವೋ ನೋಡೋಕೆ ಯಾರಿಗಿತ್ತು ಪುರುಸೊತ್ತು?” ಚಹಾದ ಲೋಟವನ್ನು ಮೇಜಿನ ಅಂಚಿಗೆ ಇಟ್ಟರು. ಅವಳು ಅದನ್ನು ಎತ್ತಿ ಮಧ್ಯಕ್ಕಿಟ್ಟಳು.

ಬಿಚ್ಚಿಕೊಳ್ಳಲಿಲ್ಲ. ಅದನ್ನೇ ಆ ಎರಡು ಸಾಲು ಹೇಳುತ್ತಿದ್ದವು. ಮೂವತ್ತೊಂದನೆಯ ಪೆಟ್ಟಿಗೆಯಲ್ಲಿ, ತುಕ್ಕು ಹಿಡಿದ ಪಿನ್ನಿನ ಕೆಳಗೆ, ಕಣಿವೆಯಿಂದ ಬಂದ ವರದಿಯ ಒಂದು ಹಾಳೆ: ನಲವತ್ತೆಂಟನೆಯ ದಿನ, ಬೆಳಗಿನ ಎರಡನೆಯ ವಿಮಾನ, ಕೆಂಪು ಪ್ಯಾರಾಚೂಟಿನ ಪೆಟ್ಟಿಗೆಯೊಂದು ಬಿಚ್ಚಿಕೊಳ್ಳದೆ ಬಿದ್ದು ವೈರ್‌ಲೆಸ್ ನಡೆಸುವವನು ಸ್ಥಳದಲ್ಲೇ ಸತ್ತ. ಸತ್ತವನ ಹೆಸರು, ವಯಸ್ಸು ಇಪ್ಪತ್ತಮೂರು. ಪ್ಯಾರಾಚೂಟಿನ ಜೇಬಿನಲ್ಲಿದ್ದ, ಮಡಿಸಿದವರ ಗುರುತಿನ ಚೀಟಿಯ ಮೇಲಿನ ಸಂಖ್ಯೆ ಹದಿನೇಳು. ಅಷ್ಟೇ. ಅವಳು ಅದನ್ನು ಚೊಕ್ಕವಾಗಿ ಎರಡು ಸಾಲಿಗೆ ಇಳಿಸಿ, ಟೈಪು ಮಾಡಿ, ಮುಂದಿನ ಹಾಳೆಗೆ ಹೋಗಿದ್ದಳು. ಸಂಜೆ ಬಸ್ಸಿನಲ್ಲಿ, ಕಿಟಕಿಯ ಪಕ್ಕದ ಸೀಟು ಸಿಕ್ಕಿದ ಸಂತೋಷದ ನಡುವೆ, ಹದಿನೇಳು ಎಂಬ ಅಂಕಿ ಎಲ್ಲೋ ಕಂಡಂತಿದೆಯಲ್ಲ ಎನಿಸಿತು. ಎಲ್ಲಿ? ಅಜ್ಜಿಯ ಗುಂಡಿ ಡಬ್ಬದಲ್ಲಿ. ಅಂಗಿಯ ಗುಂಡಿ, ಕೊಕ್ಕೆ, ಮುರಿದ ಬಕಲುಗಳ ಮಧ್ಯೆ, ಚಿಕ್ಕಂದಿನಲ್ಲಿ ಅವಳು ನಾಣ್ಯವೆಂದು ಆಡುತ್ತಿದ್ದ ತಗಡಿನ ಬಿಲ್ಲೆ. ಅದರಲ್ಲಿ ಒತ್ತಿದ ೧೭. ಅಜ್ಜಿ ಮದುವೆಗೆ ಮುಂಚೆ ದಳದಲ್ಲಿ ಪ್ಯಾರಾಚೂಟು ಮಡಿಸುತ್ತಿದ್ದಳು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅಜ್ಜಿ ದುಪ್ಪಟಿ ಮಡಿಸಿದರೆ ಇಸ್ತ್ರಿ ಬೇಡ ಎನ್ನುವ ಮನೆಯ ತಮಾಷೆಗೆ ಮೂಲವೇ ಅದು. ಆ ದಿನ ಬಸ್ಸು ಅವಳ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿತ್ತು. ನಡೆದು ಬಂದು, ಯಾರಿಗೂ ಕಾಣದಂತೆ ಡಬ್ಬ ತೆರೆದು, ಬಿಲ್ಲೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಮರುದಿನ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ ಆ ಎರಡು ಸಾಲನ್ನು ಅಳಿಸಿದಳು. ಕೆಳಗಿನ ಸಾಲುಗಳು ಏನೂ ಆಗದವರಂತೆ ಮೇಲೆ ಸರಿದು ಕೂತವು. ಅದು ಅವಳ ಕಣ್ಣಿಗೆ ಇನ್ನೂ ಕಟ್ಟಿತ್ತು, ಸಾಲುಗಳ ಆ ನಿರ್ಲಜ್ಜ ಸಲೀಸು. ಆಮೇಲೆ ಅದೇ ಜಾಗಕ್ಕೆ ಬಂದ ವಾಕ್ಯ ಕಾರ್ಯದರ್ಶಿಗಳು ಪ್ರೂಫಿನ ಅಂಚಿನಲ್ಲಿ ಸ್ವಹಸ್ತದಿಂದ ಸೇರಿಸಿದ್ದು: ‘ಐವತ್ತನೆಯ ದಿನದಿಂದ ಮಡಿಸುವ ವಿಭಾಗದ ಹೆಂಗಸರ ಆಯಾಸದಿಂದಾಗಿ ಪ್ರತಿ ಪಾಳಿಗೆ ತಲಾ ಒಂದೆರಡು ಪ್ಯಾರಾಚೂಟು ಕಡಿಮೆಯಾಗತೊಡಗಿತು; ಆದರೂ ನಮ್ಮ ವೀರ ಚಾಲಕರು ಎದೆಗುಂದಲಿಲ್ಲ.’ ಅಂಕಿಗಳಲ್ಲಿ ಆ ಇಳಿತ ನಿಜವಾಗಿಯೂ ಇತ್ತು. ಕಾರಣ ಯಾವ ಕಾಗದದಲ್ಲೂ ಇರಲಿಲ್ಲ. ಆಯಾಸವಲ್ಲದೆ ಇನ್ನೇನಿದ್ದೀತು ಎಂದು ಅವಳೂ ಸುಮ್ಮನಾಗಿದ್ದಳು.

“ಏನಮ್ಮಾ, ಮುಖ ಬಾಡಿದೆ?” ಎಂದರು ಕಾರ್ಯದರ್ಶಿಗಳು. “ಪ್ರೂಫ್ ನೋಡಿ ನೋಡಿ ಕಣ್ಣು ಹೋಗಿರಬೇಕು. ಒಂದೂ ತಪ್ಪಿಲ್ಲ ಕಣ್ರೀ ಸಾರ್, ಒಂದೂ! ಹೋಗಮ್ಮಾ, ಇವತ್ತು ಮನೆಗೆ ಹೋಗಿ ಮಲ್ಕೋ. ನಿನ್ನ ಕೆಲಸ ಮುಗೀತು.” ಬೈಗುಳವನ್ನು ತಡೆದುಕೊಳ್ಳುವುದು ಅವಳಿಗೆ ಅಭ್ಯಾಸವಿತ್ತು, ಈ ಕರುಣೆಯನ್ನು ತಡೆದುಕೊಳ್ಳಲಾಗಲಿಲ್ಲ. ತಲೆನೋವು ಎಂದು ಗೊಣಗಿ ಹೊರಬಂದಳು. ಬಸ್ಸಿನಲ್ಲಿ ಚೀಲದ ತಳದಲ್ಲಿದ್ದ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇದನ್ನು ಇವತ್ತೇ ಡಬ್ಬಕ್ಕೆ ವಾಪಸು ಹಾಕಿಬಿಡಬೇಕು. ಆಗ ತಾನು ಏನನ್ನೂ ತೆಗೆಯಲಿಲ್ಲ, ಏನನ್ನೂ ನೋಡಲಿಲ್ಲ ಎಂದಂತಾಗುತ್ತದೆ. ಅಜ್ಜಿ ಪ್ರತಿ ಸಂಜೆ, “ಇವತ್ತು ಎಲ್ಲಿಗೆ ಬಂತೇ ನಿನ್ನ ಪುಸ್ತಕ?” ಎಂದು ಕೇಳುತ್ತಿದ್ದಳು, ಇವಳು ಅವತ್ತಿನದನ್ನು ಹೇಳುತ್ತಿದ್ದಳು: ಎಂಜಿನ್ನಿನಲ್ಲಿ ಹಕ್ಕಿ ಸಿಕ್ಕ ಕಥೆ, ಮಂಜಿನಲ್ಲಿ ದಾರಿ ತಪ್ಪಿ ಉಪ್ಪಿನ ಮೂಟೆಗಳನ್ನು ಶತ್ರುಗಳಿಗೇ ಹಾಕಿ ಬಂದವನ ಕಥೆ. ಅಜ್ಜಿ ನಗುತ್ತಿದ್ದಳು. ಮುತ್ತಿಗೆಯ ಅಧ್ಯಾಯ ಬಂದಮೇಲೆ ಅಜ್ಜಿ ನಗುವುದು ಕಡಿಮೆಯಾಯಿತು. ಕೈಯಲ್ಲಿನ ಹೊಲಿಗೆ ನಿಲ್ಲಿಸಿ ಕೇಳುತ್ತಿದ್ದಳು, ಕೇಳಿ ಮುಗಿದ ಮೇಲೆ ‘ಸರಿ’ ಎಂದು ಮತ್ತೆ ಸೂಜಿ ಎತ್ತಿಕೊಳ್ಳುತ್ತಿದ್ದಳು. ಆ ‘ಸರಿ’ಯಲ್ಲಿ ಇದ್ದದ್ದು ಹೆದರಿಕೆಯೇ ಇರಬೇಕು ಎಂದು ಇವಳು ಹಾಸಿಗೆಯಲ್ಲಿ ಬಿದ್ದುಕೊಂಡು ತೀರ್ಮಾನಿಸಿದ್ದಳು. ಐವತ್ತು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡದ್ದನ್ನು ತನ್ನ ಮೊಮ್ಮಗಳೇ ಅಗೆದು ಅಚ್ಚು ಹಾಕಿಸಿದರೆ ಆ ಜೀವ ಹೇಗೆ ತಡೆದೀತು?

ಅಜ್ಜಿ ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತು ಪಾತ್ರೆ ಒರೆಸುತ್ತಿದ್ದಳು. “ಇಷ್ಟು ಬೇಗ ಬಂದ್ಯಲ್ಲೇ ಗುಮ್ಮಿ, ಕೆಲಸದಿಂದ ತೆಗೆದುಹಾಕಿದ್ರಾ?” ಗುಮ್ಮನಗುಸುಕಿ ಎಂದು ಚಿಕ್ಕಂದಿನಲ್ಲಿ ಕರೆದದ್ದು ಸವೆದು ಸವೆದು ಗುಮ್ಮಿಯಾಗಿತ್ತು.

“ತಲೆನೋವು ಅಜ್ಜಿ.”

“ತಲೇಲಿರೋದು ಬಾಯಿಗೆ ಬರದೇ ಹೋದ್ರೆ ನೋಯ್ದೆ ಇನ್ನೇನು ಮಾಡುತ್ತೆ.”

ಅವಳು ಮುಂದಿನ ಕೋಣೆಗೆ ಹೋಗಿ, ಹೊಲಿಗೆ ಯಂತ್ರದ ಕೆಳಗಿನ ಡಬ್ಬವನ್ನು ಸದ್ದಾಗದಂತೆ ತೆರೆದು, ಬಿಲ್ಲೆಯನ್ನು ಗುಂಡಿಗಳ ಅಡಿಗೆ ತೂರಿಸಿದಳು. ಮುಚ್ಚಳ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಧ್ವನಿ ಬಂತು, “ವಾಪಸ್ ಇಟ್ಟೆಯಾ?”

ಅಜ್ಜಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಮುಖದಲ್ಲಿ ಕೋಪವಿರಲಿಲ್ಲ, ಕೋಪವಿಲ್ಲದ್ದೇ ಇವಳಿಗೆ ಹೆಚ್ಚು ಭಯವಾಯಿತು. “ಗುಂಡಿ ಡಬ್ಬ ಅಲ್ಲಾಡಿಸಿದ್ರೆ ಸದ್ದೇ ಬೇರೆ ಬರ್ತಿತ್ತು ಮೂರು ವಾರದಿಂದ. ತಗೊಂಡೋಳು ಕೇಳ್ತಾಳೆ ಕೇಳ್ತಾಳೆ ಅಂತ ನಾನೂ ಕಾದೆ. ನೀನು ಕೇಳೋ ಜಾತಿಯಾ?” ಕುರ್ಚಿ ಎಳೆದುಕೊಂಡು ಕೂತಳು. “ನಲವತ್ತೇಳನೇ ದಿನದ ಕಥೆ ಹೇಳ್ದೆ. ಆಮೇಲೆ ಐವತ್ತನೇ ದಿನಕ್ಕೆ ಹಾರಿದೆ. ನಡುವಿನ ದಿನ ಏನಾಯ್ತು? ಪುಸ್ತಕ ಮಾಡೋರೇ ಬಿಟ್ಟಿದಾರೆ ಅಂದ್ಕೊಂಡೆ. ದೊಡ್ಡೋರು, ಬಿಡ್ತಾರೆ.”

“ಅವರು ಬಿಡಲಿಲ್ಲ,” ಎಂದಳು. ತನ್ನ ಧ್ವನಿ ಬೇರೆ ಯಾರದ್ದೋ ಎಂಬಂತೆ ಕೇಳಿತು. “ಅವರು ಓದೇ ಇಲ್ಲ. ನಾನೇ ತೆಗೆದೆ.”

“ಯಾಕೆ?”

“ಹದಿನೇಳು ಅಂತ ಇತ್ತು ಅಜ್ಜಿ. ಹದಿನೇಳು ನೀನು.”

ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ ನಡೆದದ್ದನ್ನು ಅವಳು ಯಾವ ರಾತ್ರಿಯ ಯಾವ ಕಲ್ಪನೆಯಲ್ಲೂ ಎಣಿಸಿರಲಿಲ್ಲ: ಅಜ್ಜಿಯ ಮುಖದಲ್ಲಿ ಏನೋ ಸಡಿಲವಾಗಿ, ತುಟಿ ಅಲುಗಿ, ಅವಳು ಅಳುತ್ತಾಳೆ ಎಂದು ಇವಳು ಒಂದು ಹೆಜ್ಜೆ ಮುಂದಿಡುವಷ್ಟರಲ್ಲಿ, ಅಜ್ಜಿ ನಕ್ಕಳು. “ಅಯ್ಯೋ ದಡ್ಡಿ. ಎಂ.ಎ. ಓದಿದ್ದು ದಂಡ. ಹದಿನೇಳು ಅಂದ್ರೆ ನಾನಲ್ಲ ಕಣೇ. ಹದಿನೇಳು ಅಂದ್ರೆ ಮೇಜು.”

ಮೇಜು. ಆ ಪದ ಬಂದು ತಲುಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜಿ ಹೇಳುತ್ತ ಹೋದಳು, ಕೈಗಳು ಗಾಳಿಯಲ್ಲಿ ಉದ್ದಕ್ಕೆ ಬಟ್ಟೆ ಎಳೆದು ಮಡಿಸುತ್ತಿದ್ದವು. ಒಂದು ಮನೆಯಷ್ಟು ಉದ್ದದ ಮೇಜುಗಳು, ಮೂವತ್ತು ಇದ್ದವು ಮಡಿಸುವ ದೊಡ್ಡ ಹಾಲಿನಲ್ಲಿ. ದಿನಕ್ಕೆ ಮೂರು ಪಾಳಿ, ಪಾಳಿಗೊಬ್ಬಳಂತೆ ಒಂದು ಮೇಜಿಗೆ ಮೂರು ಹುಡುಗಿಯರು. ಅಜ್ಜಿಯದು ಬೆಳಗಿನದು. ಮಧ್ಯಾಹ್ನ ಬರುತ್ತಿದ್ದವಳನ್ನು ಕರೆಯುತ್ತಿದ್ದುದೇ ಉದ್ದಕ್ಕ ಎಂದು, ಮೇಜಿನ ಆ ತುದಿಗೆ ಬಗ್ಗದೆ ಕೈ ಎಟುಕಿಸುತ್ತಿದ್ದವಳು. ರಾತ್ರಿಯದು ಚಿಟಿಕೆ, ಗೇಣುದ್ದದ ಹುಡುಗಿ, ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಮಡಿಸುತ್ತಿದ್ದವಳು. “ಬಿಲ್ಲೆ ಮೇಜಿಂದು. ಹೋಗೋಳು ತನ್ನ ಕುತ್ತಿಗೆಯಿಂದ ತೆಗೆದು ಬರೋಳ ಕುತ್ತಿಗೆಗೆ ಹಾಕ್ಬೇಕು. ಬೆವರೂ ಆರಿರ್ತಿರಲಿಲ್ಲ ಅದರ ಮೇಲೆ. ಬಿಸಿಬಿಸಿ ಇರ್ತಿತ್ತು. ಹಾಲು ಮುಚ್ಚಿದ ದಿನ ನನ್ನ ಕುತ್ತಿಗೇಲಿತ್ತು, ಹಾಗೇ ಉಳೀತು. ಚೀಟಿ ಮೇಲೆ ಮೇಜಿನ ನಂಬರು, ಪಕ್ಕದಲ್ಲಿ ಪಾಳಿಯ ಗುರುತು. ಆ ಚೀಟಿ ಕಣಿವೆಯಿಂದ ರಾತ್ರಿ ಹೊಳೆ ಈಜಿ ನುಸುಳಿ ಬಂದವನ ಜೇಬಲ್ಲಿ ವಾಪಸ್ ಬಂದಾಗ ಒದ್ದೆಯಾಗಿ ಗುರುತು ಅಳಿಸಿಹೋಗಿತ್ತು. ನಂಬರೊಂದು ಉಳಿದಿತ್ತು.” ಹಾಲಿನ ಮೇಲ್ವಿಚಾರಕನನ್ನು ಹುಡುಗಿಯರು ಮೀಸೆ ಎಂದು ಕರೆಯುತ್ತಿದ್ದರು. ಮೀಸೆ ಮೂವರನ್ನೂ ಕರೆಸಿ, ಚೀಟಿಯನ್ನು ಮೇಜಿನ ಮೇಲಿಟ್ಟು, ಇದನ್ನು ಮಡಿಸಿದ್ದು ಯಾರು ಎಂದು ಕೇಳಿದ. ಮೂವರೂ ಒಟ್ಟಿಗೆ, ನಾನು, ಎಂದರು.

“ಉಳಿಸೋಕಾ ಒಬ್ಬರನ್ನೊಬ್ಬರು?” ಎಂದಳು.

“ಅಂಥ ದೊಡ್ಡಸ್ತಿಕೆ ಏನಿಲ್ಲ. ಮೂವರಿಗೂ ಹಾಗೇ ಅನ್ನಿಸಿತ್ತು. ಅದು ಬೀಳೋ ಹಿಂದಿನ ದಿನ ನಾನು ಹಗ್ಗ ಸುತ್ತೋವಾಗ ನಿದ್ದೆ ತೂಗಿ ಎಣಿಕೆ ತಪ್ಪಿಸ್ಕೊಂಡಿದ್ದೆ, ಸರಿಯಾಗಿದೆ ಅಂತ ಬಿಟ್ಟಿದ್ದೆ. ಉದ್ದಕ್ಕ ಬಟ್ಟೆ ಸ್ವಲ್ಪ ಥಂಡಿ ಇದ್ರೂ ಲಾರಿ ಕಾಯ್ತಿದೆ ಅಂತ ಮಡಿಸಿದ್ಲಂತೆ. ಚಿಟಿಕೆ ಆ ರಾತ್ರಿಯೆಲ್ಲ ಅಳ್ತಾ ಮಡಿಸಿದ್ಲಂತೆ, ಅವಳಣ್ಣನ ಕಾಗದ ಬಂದಿರಲಿಲ್ಲ. ಮೀಸೆಗೆ ಸಿಟ್ಟು ಬಂತು. ‘ಮೂರೂ ಜನ ಸೇರಿ ಪಿತೂರಿ ಮಾಡಿದ್ದೀರಾ?’ ಅಂದ. ಉದ್ದಕ್ಕ ಅಂದ್ಲು, ‘ಪಿತೂರಿ ಮಾಡೋಕೆ ನಾವು ಮೂವರೂ ಒಟ್ಟಿಗೆ ನಿಂತಿರೋದೇ ಇವತ್ತು ಸಾರ್. ದಿನಾ ಒಬ್ಬಳು ಬರೋವಾಗ ಒಬ್ಬಳು ಹೋಗ್ತಾಳೆ.’ ನಿಜ ಕಣೇ. ಅವತ್ತೇ ಮೊದಲ ಸಲ ಮೂವರೂ ಒಟ್ಟಿಗೆ ಒಬ್ಬರ ಮುಖ ಒಬ್ಬರು ನೋಡಿದ್ದು. ಚಿಟಿಕೆಗೂ ನನಗೂ ಬೆಳಿಗ್ಗೆ ಪರಿಚಯ, ಉದ್ದಕ್ಕಂಗೂ ನನಗೂ ಮಧ್ಯಾಹ್ನ. ಮೀಸೆ ತಲೆ ಕೆರ್ಕೊಂಡ. ಒಬ್ಬಳಿಗೆ ಶಿಕ್ಷೆ ಕೊಡಬಹುದು, ಮೂವರಿಗೆ ಕೊಟ್ರೆ ಮೇಜು ಖಾಲಿ. ಹೋಗಿ ಕೆಲಸ ಮಾಡಿ ಅಂದ.”

ಹೊರಗೆ ಬಂದು ಮೂವರೂ ನಲ್ಲಿಯ ಹತ್ತಿರ ನಿಂತರಂತೆ. ಯಾರದೆಂದು ಹುಡುಕುವುದು ಬೇಡ, ಮೇಜಿನದು ಎಂದಿರಲಿ ಎಂದು ಚಿಟಿಕೆಯೇ ಅಂದಳಂತೆ. ಅವತ್ತಿನಿಂದ ಪಾಳಿ ಬದಲಾಗುವಾಗ ಒಂದು ಹೊಸ ಪದ್ಧತಿ ಮಾಡಿಕೊಂಡರು: ಹೋಗುವವಳು ಕೊನೆಗೆ ಮಡಿಸಿದ ಪ್ಯಾರಾಚೂಟನ್ನು ಬರುವವಳು ಪೂರ್ತಿ ಬಿಚ್ಚಿ, ನೋಡಿ, ಮತ್ತೆ ಮಡಿಸುವುದು. ತಪ್ಪಿದ್ದರೆ ಅಲ್ಲೇ ಹೇಳುವುದು. ಎರಡು ದಿನದಲ್ಲಿ ಪಕ್ಕದ ಮೇಜಿನವರೂ ಹಾಗೇ ಮಾಡತೊಡಗಿದರು, ಆಮೇಲೆ ಮೂವತ್ತು ಮೇಜೂ. ಮೀಸೆ ನೋಡಿಯೂ ನೋಡದವನಂತೆ ಇದ್ದನಂತೆ. “ಲೆಕ್ಕದಲ್ಲಿ ಪಾಳಿಗೆ ಮೇಜಿಗೊಂದೆರಡು ಕಡಿಮೆ ಆಗೋವು. ಆದರೆ ಅಲ್ಲಿಂದ ಮುಗಿಯೋವರೆಗೆ ನಮ್ಮ ಹಾಲಿನದು ಇನ್ನೊಂದು ಹಾಗೆ ಬೀಳಲಿಲ್ಲ.”

ಅವಳಿಗೆ ಕಾರ್ಯದರ್ಶಿಗಳ ವಾಕ್ಯ ನೆನಪಾಯಿತು. ಹೆಂಗಸರ ಆಯಾಸ. ಅದನ್ನೂ ತಾನೇ ಟೈಪು ಮಾಡಿದ್ದು, ಅಲ್ಪವಿರಾಮ ಸರಿಪಡಿಸಿ. ನಗಬೇಕೋ ಅಳಬೇಕೋ ತಿಳಿಯದೆ ನೆಲದ ಮೇಲೆ ಕೂತುಬಿಟ್ಟಳು. ಮೂರು ವಾರ ಹೊತ್ತುಕೊಂಡು ತಿರುಗಿದ್ದು ಅಜ್ಜಿಯ ಗುಟ್ಟಾಗಿರಲಿಲ್ಲ, ಅಜ್ಜಿಗೆ ಗುಟ್ಟೇ ಇರಲಿಲ್ಲ. ಯಾರೂ ಕೇಳಿರಲಿಲ್ಲ ಅಷ್ಟೆ. ಹೆದರಿಕೆ ಎಂದು ತಾನು ಓದಿಕೊಂಡ ಆ ‘ಸರಿ’ ಕಾಯುವಿಕೆಯಾಗಿತ್ತು. ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಗಿ ಉಸಿರು ತಳದವರೆಗೆ ಇಳಿಯಿತು. ಆ ಉಸಿರು ಮುಗಿಯುವ ಮೊದಲೇ ಅಜ್ಜಿ ಕೇಳಿದಳು, “ಹಾಗಾದ್ರೆ ಅವನೂ ಇಲ್ವಾ ಪುಸ್ತಕದಲ್ಲಿ?”

“ಯಾರು?”

“ಅವನೇ. ಕೆಳಗಿದ್ದವನು.”

ಅವಳು ಮೂರು ವಾರ ಹದಿನೇಳು ಎಂಬ ಅಂಕಿಯ ಸುತ್ತಲೇ ಸುತ್ತಿದ್ದಳು. ವೈರ್‌ಲೆಸ್ ನಡೆಸುವವನ ಬಗ್ಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಆ ಎರಡು ಸಾಲಿನಲ್ಲಿ ಅವನಿದ್ದ. ಇನ್ನೂರೈದು ಪುಟದಲ್ಲಿ ಬೇರೆಲ್ಲೂ ಅವನಿರಲಿಲ್ಲ.

“ನನ್ನ ಮುಖ ಉಳಿಸೋಕೆ ಅವನನ್ನ ಅಳಿಸಿದ್ಯಾ?” ಅಜ್ಜಿಯ ಧ್ವನಿ ಏರಲಿಲ್ಲ. “ಗಂಟೆ ಎಷ್ಟು?”

“ಒಂದೂ ಕಾಲು. ಎರಡಕ್ಕೆ ಯಂತ್ರಕ್ಕೆ ಹೋಗುತ್ತೆ.”

“ನನ್ನ ಚಪ್ಪಲಿ ಎಲ್ಲಿ?”

“ನೀನು ಬೇಡ ಅಜ್ಜಿ, ನಾನು ಓಡ್ತೀನಿ.”

“ನೀನು ಓಡಿ ಹೋಗಿ ಬಾಗಿಲಲ್ಲಿ ನಿಂತು ಬಾಯಿ ಬಿಡದೆ ವಾಪಸ್ ಬರ್ತೀಯ. ನನಗೆ ಗೊತ್ತಿಲ್ವಾ ನಿನ್ನ ಪ್ರತಾಪ? ನಡಿ.”

ಬಸ್ಸಿನಲ್ಲಿ ಅಜ್ಜಿ ಮುಂದಿನ ಸೀಟಿನವನಿಗೆ ಕಿಟಕಿ ತೆಗೆಯಲು ಹೇಳಿದಳು, ಕಂಡಕ್ಟರನಿಗೆ ಬೇಗ ಬಿಡಲು ಹೇಳಿದಳು, ಅವನು “ರೆಕ್ಕೆ ಕಟ್ಟಿಸ್ಲಾ ಅಜ್ಜಿ?” ಎಂದದ್ದಕ್ಕೆ “ರೆಕ್ಕೆ ಇದ್ದೋರನ್ನೂ ನೋಡಿದೀನಿ, ಅವರೂ ತಡವಾಗೇ ಬರ್ತಿದ್ರು” ಎಂದಳು. ಬಸ್ಸೆಲ್ಲ ನಕ್ಕಿತು, ಅವಳೂ ನಕ್ಕಳು, ಎಲ್ಲರ ಜೊತೆಗೇ, ತಡವಾಗದೆ. ತಡವಾಗಿ ಹೋದರೆ ಎಂಬ ಆತಂಕ ಇತ್ತು. ಆದರೆ ಅದು ಬರಿಯ ಆತಂಕ, ಬಸ್ಸು ತಪ್ಪಿದರೆ, ಪರೀಕ್ಷೆಗೆ ತಡವಾದರೆ ಆಗುವಂಥದ್ದು. ಅದರಲ್ಲಿ ಕೊಳಕಿರಲಿಲ್ಲ. ಹಾಗೂ ಇರಬಹುದಲ್ಲ ಆತಂಕ ಎಂದು ಅವಳಿಗೆ ಆಶ್ಚರ್ಯವಾಯಿತು.

ಮುದ್ರಕ ಕೈಗೆ ಮಸಿ ಮೆತ್ತಿಕೊಂಡೇ ಎದುರು ಬಂದ. “ಪ್ಲೇಟ್ ಆಗಿ ಯಂತ್ರಕ್ಕೆ ಹತ್ತಿಸ್ತಿದೀವಿ ಮೇಡಂ. ಈಗ ತಿದ್ದೋದಾ? ನಿಮ್ಮ ಕಾರ್ಯದರ್ಶಿ ಸಾಹೇಬರು ಹೂಂ ಅನ್ನದೆ ನಾನು ಒಂದು ಚುಕ್ಕೆ ಮುಟ್ಟಲ್ಲ. ಹೋದ ಸಲ ಒಂದು ಕೊಂಬು ಹಾರಿದ್ದಕ್ಕೆ ಬೀದಿ ಕೇಳೋ ಹಾಗೆ ಬೈದಿದಾರೆ.” ಫೋನು ಗೋಡೆಯ ಮೇಲಿತ್ತು. ಫೋನಿನಲ್ಲಿ ಮಾತಾಡಬೇಕಾದರೆ ಅವಳು ಮೊದಲು ಮಾತುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಇವತ್ತು ಚೀಟಿ ಇರಲಿಲ್ಲ. ಅಜ್ಜಿ ಏನೂ ಹೇಳದೆ ಪಕ್ಕದಲ್ಲಿ ನಿಂತಳು. ಅಷ್ಟು ಮಾತಿನ ಮುದುಕಿ ಈಗ ಮೂಗಿಯಂತೆ ನಿಂತದ್ದು ಬೇಕೆಂದೇ ಎಂದು ಅವಳಿಗೆ ತಿಳಿಯಿತು.

“ಸಾರ್, ನಾನು. ನೂರಾ ಇಪ್ಪತ್ತೊಂದನೇ ಪುಟದಲ್ಲಿ ಎರಡು ಸಾಲು ಬಿಟ್ಟುಹೋಗಿದೆ. ಬಿಟ್ಟುಹೋಗಿಲ್ಲ ಸಾರ್, ನಾನು ಬಿಟ್ಟೆ.” ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ ಎಂದು ಗೊತ್ತಿದ್ದರಿಂದ ಉಸಿರು ತೆಗೆಯದೆ ಎಲ್ಲವನ್ನೂ ಹೇಳಿದಳು: ಪೆಟ್ಟಿಗೆ, ಸತ್ತವನು, ಬಿಲ್ಲೆ, ಮೂವರು, ಬಿಚ್ಚಿ ಮಡಿಸುವ ಪದ್ಧತಿ. “ಆಮೇಲೆ ಸಾರ್, ಹೆಂಗಸರ ಆಯಾಸ ಅಂತ ಇರೋದು ತಪ್ಪು. ಅದನ್ನ ತೆಗೀಬೇಕು.”

ಆ ಕಡೆ ಟೈರು ಅಂಗಡಿಯ ಸುತ್ತಿಗೆಯ ಸದ್ದಿನ ನಡುವೆ ಕಾರ್ಯದರ್ಶಿಗಳು ಕೇಳಿದರು, “ಅದು ನನ್ನ ವಾಕ್ಯ ಅಲ್ವೇನಮ್ಮಾ?”

“ಹೌದು ಸಾರ್.”

“ಚೆನ್ನಾಗಿತ್ತು ಅಲ್ವಾ? ವೀರ ಚಾಲಕರು ಅಂತೆಲ್ಲ.”

“ಚೆನ್ನಾಗಿತ್ತು ಸಾರ್. ನಿಜ ಇರಲಿಲ್ಲ.”

ಇಷ್ಟು ಒರಟಾಗಿ ಅವಳು ಜನ್ಮದಲ್ಲಿ ಯಾರಿಗೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದಳು. ಕಾರ್ಯದರ್ಶಿಗಳು ಕೆಮ್ಮಿದರು. “ಆ ಪ್ಯಾಕುಗಳನ್ನೆಲ್ಲ ಉಗ್ರಾಣದಲ್ಲಿ ಎಣಿಸ್ಕೊಂಡು ತಗೊಳ್ತಿದ್ದೋನು ನಾನೇ ಕಣಮ್ಮಾ,” ಎಂದರು, ಸಭೆಯ ಧ್ವನಿ ಅದರಲ್ಲಿರಲಿಲ್ಲ. “ಪಾಳಿಗೆ ತಲಾ ಎರಡು ಕಡಿಮೆ ಬರ್ತಿದೆ ಅಂತ ಆ ಹಾಲಿಗೆ ಹೋಗಿ ನಾನೇ ಕೂಗಾಡಿ ಬಂದಿದ್ದೆ. ಉದ್ದಕ್ಕೆ ಇದ್ದ ಒಬ್ಬ ಹುಡುಗಿ, ‘ನೀವು ಎಣಿಸಿ, ನಾವು ಮಡಿಸ್ತೀವಿ’ ಅಂದಿದ್ಲು. ಆ ಸಿಟ್ಟು ನೋಡು, ಇಲ್ಲಿತನಕ ಬಂದು ಪುಸ್ತಕದಲ್ಲಿ ಕೂತಿದೆ. ತೆಗೆದುಹಾಕು. ಮುದ್ರಕನಿಗೆ ಕೊಡು ಫೋನು.” ಕೊಡುವಷ್ಟರಲ್ಲಿ ಮತ್ತೆ ಕರೆದರು, “ಎರಡು ಸಾಲು ಸಾಕಾ?”

ಸಾಕಾಗಲಿಲ್ಲ. ಅವರ ವಾಕ್ಯ ತೆಗೆದ ಜಾಗ, ಅ‍ಧ್ಯಾಯದ ಕೊನೆಯಲ್ಲಿ ಖಾಲಿ ಬಿಟ್ಟಿದ್ದ ಜಾಗ, ಎಲ್ಲ ಸೇರಿ ಏಳು ಸಾಲಾಯಿತು. ಮುದ್ರಕನ ಮೇಜಿನಲ್ಲೇ ಕೂತು ಬರೆದಳು, ಅಜ್ಜಿಯನ್ನು ಕೇಳಿ ಕೇಳಿ. “ಮೂವರೂ ನಾನೇ ಅಂದ್ವಿ ಅಂತ ಹಾಕ್ಬೇಡ, ಜಂಬ ಆಗುತ್ತೆ,” ಎಂದಳು ಅಜ್ಜಿ. ಅವಳು ಹಾಕಿದಳು. ಹೊಸ ಪ್ಲೇಟಿಗೆ ಒಂದು ಗಂಟೆ ಬೇಕಿತ್ತು. ಒಳಗಿನ ಹಾಲಿನಲ್ಲಿ ಆರೇಳು ಹೆಂಗಸರು ಅಚ್ಚಾದ ಹಾಳೆಗಳನ್ನು ಮಡಿಸುತ್ತ ಕೂತಿದ್ದರು. ಅಜ್ಜಿ ಸುಮ್ಮನಿರಲಾರದೆ ಹೋಗಿ ಒಬ್ಬಳ ಪಕ್ಕ ನಿಂತಳು. “ಅಂಚು ಕೂಡಿಸಿ ಆಮೇಲೆ ಒತ್ತಮ್ಮಾ,” ಎಂದು ಶುರು ಮಾಡಿದ್ದಕ್ಕೆ ಆ ಹೆಂಗಸು, “ನೀವು ಯಾವ ಪ್ರೆಸ್ಸಿನಲ್ಲಿದ್ರಿ ಅಜ್ಜೀ?” ಎಂದು ಕೇಳಿ ಸ್ಟೂಲು ಸರಿಸಿದಳು. ಮೊಮ್ಮಗಳು ಬೆಂಚಿನ ಮೇಲೆ ಕೂತು ದೂರದಿಂದ ನೋಡಿದಳು. ಕಣ್ಣು ಎಳೆಯುತ್ತಿತ್ತು. ಮೂರು ವಾರದ ನಿದ್ದೆಯೆಲ್ಲ ಈಗಲೇ ಬರುವಂತಿತ್ತು. ಡೈರಿಯಲ್ಲಿ ಇವತ್ತು ಏನು ಬರೆಯುವುದು ಎಂದು ಯೋಚಿಸಿ, ಏನಾದರೂ ಬರೆಯಬಹುದಲ್ಲ ಎನಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಮೊದಲ ಹಾಳೆ ಬಂದಾಗ ಮಸಿ ಇನ್ನೂ ಹಸಿಯಿತ್ತು. ಮುದ್ರಕ ಅದನ್ನು ಎರಡು ತುದಿ ಹಿಡಿದು ತಂದು ಬೆಳಕಿಗೆ ಹರವಿದ. ದೊಡ್ಡ ಹಾಳೆಯಲ್ಲಿ ಪುಟಗಳು ತಲೆಕೆಳಗಾಗಿ, ಹಿಂದುಮುಂದಾಗಿ ಬಿದ್ದಿದ್ದವು. ಅವಳು ನೂರಾ ಇಪ್ಪತ್ತೊಂದನ್ನು ಹುಡುಕಿ ತೋರಿಸಿದಳು. ಅಜ್ಜಿ ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು, ಮಸಿ ಮುಟ್ಟದಂತೆ ಬೆರಳನ್ನು ಕೂದಲೆಳೆಯಷ್ಟು ಮೇಲೆ ಹಿಡಿದು, ಸಾಲಿನ ಉದ್ದಕ್ಕೂ ಸಾಗಿಸಿದಳು. ಬೆರಳು ಒಂದು ಕಡೆ ನಿಂತಿತು.

“ಇದು ಅವನ ಹೆಸರಾ?”

“ಹೌದು. ವರದೀಲಿತ್ತು. ನಿನಗೆ ಗೊತ್ತಿರಲಿಲ್ವಾ?”

“ನಮಗೆ ಯಾರು ಹೇಳ್ತಾರೆ. ಚೀಟಿ ತೋರಿಸಿದ್ರು, ಅಷ್ಟೆ.” ಅಜ್ಜಿ ಆ ಹೆಸರನ್ನು ಮನಸ್ಸಿನಲ್ಲೇ ಓದಿಕೊಂಡಳು, ತುಟಿ ಅಲ್ಲಾಡಿತು. ಬೀದಿಗೆ ಇಬ್ಬರಾದರೂ ಇರುವಂಥ ಹೆಸರು, ಮೂರೇ ಅಕ್ಷರದ್ದು. ಆಮೇಲೆ ಒಮ್ಮೆ ಜೋರಾಗಿ ಹೇಳಿದಳು, ಎದುರು ಮನೆಯ ಹುಡುಗನನ್ನು ಕರೆದಷ್ಟು ಜೋರಾಗಿ. ಯಂತ್ರದ ಹತ್ತಿರವಿದ್ದವನೊಬ್ಬ ತಿರುಗಿ ನೋಡಿದ.

“ಇಷ್ಟೇನಾ?” ಎಂದಳು ಅಜ್ಜಿ, ಕನ್ನಡಕ ತೆಗೆಯುತ್ತ. “ನಾನು ಏನೋ ದೊಡ್ಡ ಹೆಸರು ಅಂದ್ಕೊಂಡಿದ್ದೆ.”